ಇಲಿಗೆ ಲಿವರ್ ಎತ್ತಲು ಬರುವುದಿಲ್ಲ

ನಮ್ಮ ಮನೆಯ ಬಚ್ಚಲ ಪಕ್ಕದ ಗೋಡೆಗೆ ಸುಟ್ಟ ಮದರ್‌ಬೋರ್ಡೊಂದನ್ನು ಮೊಳೆ ಹೊಡೆದು ನೇತುಹಾಕಿದ್ದೇವೆ. ಅದರ ಉದ್ದನೆಯ ಕರಿ ಸ್ಲಾಟುಗಳಲ್ಲಿ ಮಮ್ಮಿ ತಲೆಪಿನ್ನು ಸಿಕ್ಕಿಸುತ್ತಾಳೆ. ಬಾಚಣಿಕೆಗೆ ಒಂದು ಸಂದಿ, ಅಪ್ಪನ ರೇಜರಿಗೆ ಒಂದು ಸಂದಿ. ಮನೆಗೆ ಬಂದವರು ಕೈಕಾಲು ತೊಳೆಯಲು ಹೋಗಿ "ಇದೇನಿದು?" ಎಂದು ಕೇಳದೆ ವಾಪಸು ಬರುವುದಿಲ್ಲ. ನಾನೂ ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಎದುರುಮನೆಯ ಹುಡುಗನಿಗೆ ಅದು ಆಕಾಶದಿಂದ ಬಿದ್ದ ಉಪಗ್ರಹದ ಚೂರು. ಮಮ್ಮಿಯ ತವರಿನವರಿಗೆ ಯುದ್ಧವಿಮಾನದ ಮೆದುಳು. ಮೀಟರ್ ಓದಲು ಬರುವವನಿಗೆ ಮಾತ್ರ "ನಿಮ್ಮ ಕರೆಂಟು ಸುಟ್ಟ ಸಾಮಾನು" ಎಂದಿದ್ದೇನೆ. ಅವನು ಅವತ್ತಿನಿಂದ ಬೇಗ ಬೇಗ ಓದಿಕೊಂಡು ಹೋಗುತ್ತಾನೆ.

ನಿಮಗೆ ನಿಜವನ್ನೇ ಹೇಳುತ್ತೇನೆ. ಅಲ್ಲಲ್ಲಿ ಸ್ವಲ್ಪ ಹಿಗ್ಗಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಿಗ್ಗಿಸದೆ ಹೇಳಿದರೆ ಅಳು ಬರುವ ಕಥೆ ಇದು. ನನಗಿನ್ನೂ ಹದಿನೇಳು, ಮೀಸೆ ಈಗಷ್ಟೇ ಕಷ್ಟಪಟ್ಟು ಬರುತ್ತಿದೆ, ಅದರ ಮೇಲೆ ಕಣ್ಣೀರು ಸುರಿದರೆ ನೋಡುವವರಿಗೆ ಚೆನ್ನಾಗಿರುವುದಿಲ್ಲ.

ನಮ್ಮಪ್ಪ ಮಾಣಿಕಪ್ಪ ಹುಮನಾಬಾದಿನ ಹೆದ್ದಾರಿ ಪಕ್ಕದ ಕಾಟಾದಲ್ಲಿ ಕೂರುತ್ತಾನೆ. ಕಾಟಾ ಎಂದರೆ ಲಾರಿ ತೂಗುವ ತಕ್ಕಡಿ. ನೆಲಕ್ಕೆ ಹಾಸಿದ ದೊಡ್ಡ ಕಬ್ಬಿಣದ ಹಾಸು, ಪಕ್ಕದಲ್ಲಿ ಕಿಟಕಿಯಿರುವ ಒಂದು ಗೂಡು, ಗೂಡಿನೊಳಗೆ ಒಂದು ಕಂಪ್ಯೂಟರ್, ಹಲ್ಲು ಕಡಿಯುತ್ತ ಚೀಟಿ ಕಾರುವ ಒಂದು ಪ್ರಿಂಟರ್, ಮತ್ತು ಅಪ್ಪ. ಮೊದಲು ಅವನೂ ಲಾರಿ ಡ್ರೈವರನೇ. ಟೈರು ಬದಲಿಸುವಾಗ ಜಾಕು ಜಾರಿ ಬಲಗಾಲಿನ ಮೇಲೆ ಲಾರಿ ಕೂತಿತು. ಕಾಲು ಉಳಿಯಿತು, ಆದರೆ ಕಾಲಿನ ಕೆಲಸ ಮಾಡುವುದನ್ನು ಬಿಟ್ಟಿತು. "ನಮ್ಮಪ್ಪನ ಕಾಲನ್ನು ಲಾರಿ ತೂಗಿ ನೋಡಿತು, ಈಗ ಅವನು ಊರಿನ ಲಾರಿಗಳನ್ನೆಲ್ಲ ತೂಗಿ ಲೆಕ್ಕ ಚುಕ್ತಾ ಮಾಡುತ್ತಿದ್ದಾನೆ" ಎಂದು ನಾನು ಕಾಲೇಜಿನಲ್ಲಿ ಹೇಳುತ್ತೇನೆ. ಎಲ್ಲರೂ ನಗುತ್ತಾರೆ. ಅಪ್ಪನ ಎದುರು ಹೇಳಿಲ್ಲ.

ಆ ಗೂಡಿನ ಕಂಪ್ಯೂಟರ್ ನನಗಿಂತ ಹಿರಿಯದು. ಬೆಳಗ್ಗೆ ಆನ್ ಮಾಡಿ, ಹೊರಗೆ ಹೋಗಿ ಚಹಾ ಕುಡಿದು, ಚಹಾದವನ ಮನೆಯ ಸುಖದುಃಖ ಕೇಳಿ ಬಂದರೆ ಅಷ್ಟರಲ್ಲಿ ಅದು ಕಣ್ಣುಬಿಟ್ಟಿರುತ್ತಿತ್ತು. ಹಾಸಿನ ಕೆಳಗಿನಿಂದ ಬರುವ ವಯರುಗಳೆಲ್ಲ ಒಂದು ಉದ್ದನೆಯ ಕಾರ್ಡಿಗೆ ಸೇರುತ್ತವೆ, ಆ ಕಾರ್ಡು ಕಂಪ್ಯೂಟರಿನೊಳಗೆ ಒಂದು ಉದ್ದನೆಯ ಕರಿ ಸ್ಲಾಟಿನಲ್ಲಿ ಕೂರುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಅಂಥ ಸ್ಲಾಟೇ ಇಲ್ಲ. ಹೀಗಾಗಿ ಹಳೆಯದು ಹೋದರೆ ಇನ್ನೊಂದು ಹಳೆಯದೇ ಬೇಕು.

ಈ ಸಲ ತೊಗರಿ ರಾಶಿ ಶುರುವಾಗುವ ಹೊತ್ತಿಗೆ ಒಂದು ಹಲ್ಲಿ ಅದರ ಪವರ್ ಸಪ್ಲೈಯೊಳಗೆ ಹೋಗಿ ಎರಡು ಕಡೆ ಒಟ್ಟಿಗೆ ಕಾಲಿಟ್ಟಿತು. ಹಲ್ಲಿ ತಲೆ ಮೇಲೆ ಬಿದ್ದರೆ ಇಂಥ ಫಲ, ಹೆಗಲ ಮೇಲೆ ಬಿದ್ದರೆ ಇಂಥ ಫಲ ಎಂದು ಪಂಚಾಂಗದಲ್ಲಿ ಬರೆದಿರುತ್ತಾರೆ. ಪವರ್ ಸಪ್ಲೈ ಮೇಲೆ ಬಿದ್ದರೆ ಏನೆಂದು ಬರೆದಿಲ್ಲ. ನಾನು ಬರೆದುಕೊಡುತ್ತೇನೆ: ಠಪ್ ಎಂಬ ಶಬ್ದ, ಕಮಟು ಹೊಗೆ, ಸುಟ್ಟ ಮದರ್‌ಬೋರ್ಡು, ಮನೆಯ ಯಜಮಾನನ ಕುರ್ಚಿಗೆ ಕುತ್ತು.

ಕಾಟಾದ ಸಾವಕಾರರು ಬಂದು ಮೂಗು ಮುಚ್ಚಿಕೊಂಡು ನಿಂತರು. ಕಾಲೇಜು ಮುಗಿಸಿ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದ ನಾನೂ ಅಲ್ಲೇ ಇದ್ದೆ.

"ಮಾಣಿಕಪ್ಪ, ಇದು ಖಲಾಸ. ಹೊಸಾ ಮಷಿನ್ ಹಚ್ಚವ್ರು ಸೋಮವಾರ ಬರ್ತೀವಿ ಅಂದಾರ. ಕ್ಯಾಮೆರಾ ಇರ್ತದ, ಗಾಡಿ ನಂಬರ್ ತಾನ ಓದ್ತದ, ಚೀಟಿ ಸೀದಾ ಡ್ರೈವರನ ಮೊಬೈಲಿಗಿ ಹೋಗ್ತದ."

"ಇಲ್ಲಿ ಕುಂದ್ರವ್ರು ಯಾರ್ರಿ ಸಾವಕಾರ್ರೆ?" ಎಂದ ಅಪ್ಪ.

"ಯಾರೂ ಬ್ಯಾಡ. ಅದೇ ಅದರ ಮಜಾ ನೋಡು."

ಮಜಾ ಎಂದ ಮೇಲೆ ಅವರಿಗೇ ಏನೋ ಅನ್ನಿಸಿರಬೇಕು. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಇದೇ ರಿಪೇರಿ ಆದ್ರ?"

"ಆದ್ರ ಆಗಲಿ. ನಂದೇನು ನಿನ್ನ ಜೋಡಿ ದುಷ್ಮನಿ ಅದೇನು? ಆದ್ರ ಯಾರು ಮಾಡ್ತಾರಪ್ಪ ಇದನ್ನ? ಮಾಡೋ ಮನಷ್ಯಾ ಹೋಗಿ ಎಷ್ಟ್ ವರ್ಷ ಆಯ್ತು."

"ನಾ ಮಾಡ್ತೀನ್ರಿ," ಎಂದಿತು ಒಂದು ಧ್ವನಿ. ತಿರುಗಿ ನೋಡಿದೆ. ನನ್ನದೇ.

ನನ್ನ ವಿದ್ಯೆಯ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ಯಾರೂ ಕೇಳಿಲ್ಲ, ಗೊತ್ತು. ನಾನು ಓದಿದ ಶಾಲೆಯಲ್ಲಿ ಕಂಪ್ಯೂಟರ್ ರೂಮಿಗೆ ಹೋಗುವ ಮುಂಚೆ ಚಪ್ಪಲಿ ಬಿಡಬೇಕಿತ್ತು, ಕಾಲು ತೊಳೆಯಬೇಕಿತ್ತು, ಸಾಲಾಗಿ ಕೈಕಟ್ಟಿ ನಿಲ್ಲಬೇಕಿತ್ತು. ಕಂಪ್ಯೂಟರುಗಳಿಗೆ ಹೂವಿನ ಚಿತ್ರದ ಬಟ್ಟೆಯ ಮುಸುಕು. ಸರ್ ಒಂದರ ಮುಸುಕು ಮಾತ್ರ ಎತ್ತಿ ತೋರಿಸಿ ಇಳಿಸುತ್ತಿದ್ದರು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಎಲ್ಲಕ್ಕೂ ಕುಂಕುಮ, ಮೌಸಿಗೆ ಪ್ರತ್ಯೇಕ ಹಾರ. ಗುಡಿಗೆ ಹೋದರೆ ಪ್ರಸಾದವಾದರೂ ಸಿಗುತ್ತದೆ, ಇಲ್ಲಿ ಅದೂ ಇರಲಿಲ್ಲ. ಮುಟ್ಟಬಾರದು ಎಂದ ವಸ್ತುವನ್ನು ಬಿಚ್ಚದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಮನೆಗೆ ಬಂದು ರೇಡಿಯೋ ಬಿಚ್ಚಿದೆ, ಮಿಕ್ಸರ್ ಬಿಚ್ಚಿದೆ. ಮಿಕ್ಸರ್ ಜೋಡಿಸಿದ ಮೇಲೆ ಅದು ಹಿಂದೆ ಮುಂದೆ ಓಡಾಡುತ್ತ ಚಟ್ನಿ ಅರೆಯುತ್ತಿತ್ತು. ಮಮ್ಮಿ ಅದನ್ನು ಕಾಲಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದಳು.

ಈ ಹುಚ್ಚು ಹಿಡಿಸಿದವನು ಭೀಮರಾವ್ ಮಾಮಾ. ನಮ್ಮ ಅತ್ತಿಯ, ಅಂದರೆ ಅಪ್ಪನ ಅಕ್ಕ ಶಾಂತಾಬಾಯಿಯ ಗಂಡ. ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ಅವನ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸು ಇತ್ತು. ಕಾಟಾದ ಕಂಪ್ಯೂಟರನ್ನು ಜೋಡಿಸಿ ಕೊಟ್ಟವನೂ, ಕೆಟ್ಟಾಗಲೆಲ್ಲ ಬಸ್ಸು ಹತ್ತಿ ಬಂದು ಬೈದು ರಿಪೇರಿ ಮಾಡಿ ಹೋಗುತ್ತಿದ್ದವನೂ ಅವನೇ. ಕೆಟ್ಟ ಮಷಿನ್ನಿಗೆ ಬೈದರೆ ಅರ್ಧ ರಿಪೇರಿ ಆದಂತೆ ಎನ್ನುತ್ತಿದ್ದ. ಎದೆನೋವು ಬಂದು ದವಾಖಾನೆ ಸೇರಿದಾಗ ಮಾತ್ರ ಯಾರಿಗೂ ಬೈಯಲಿಲ್ಲ, ಸುಮ್ಮನೆ ಹೋದ. ಅವನ ಸಾಮಾನೆಲ್ಲ ಅತ್ತಿಯ ಅಟ್ಟ ಸೇರಿತು.

ಹಾಗಾಗಿ ಶನಿವಾರ ಕಾಲೇಜಿಗೆ ಚಕ್ಕರ್ ಹೊಡೆದು ಕಲ್ಯಾಣದ ಬಸ್ಸು ಹತ್ತಿದೆ. ಹತ್ತುವಾಗ ಅಪ್ಪ ಒಂದೇ ಮಾತು ಹೇಳಿದ.

"ಆಗಾಂಗಿಲ್ಲ ಅಂದ್ರ ಆಗಾಂಗಿಲ್ಲ ಅನ್ನು. ಸುಳ್ಳ ಆಸೆ ಹಚ್ಚಬ್ಯಾಡ."

ಅತ್ತಿಯ ಅಟ್ಟದಲ್ಲಿ ಮಾಮಾನ ಸಾಮಾನಿನ ಮೇಲೆ ಒಣಮೆಣಸಿನಕಾಯಿ ಚೀಲ ಇಟ್ಟಿದ್ದಳು. ಕಳ್ಳರು ಬಂದರೂ ಸೀನಿ ಸೀನಿ ಸಿಕ್ಕಿಬೀಳಬೇಕು, ಅಂಥ ಕಾವಲು. ನಾನು ಸೀನಿದ ರಭಸಕ್ಕೆ ಪಕ್ಕದ ಮನೆಯವರು "ಜೀವಾ, ಜೀವಾ" ಎಂದು ಹರಸಿದರು. ಚೀಲದ ಕೆಳಗೆ ಗೋಣಿತಾಟು, ತಾಟಿನೊಳಗೆ ಒಂದು ಮದರ್‌ಬೋರ್ಡು. ಹಸಿರು ಬಣ್ಣ, ಬಾಳೆಯೆಲೆಯ ತುದಿಯಷ್ಟು ಅಗಲ. ಅದರ ಹೆಸರು, ಕುಲ, ಗೋತ್ರ ಎಲ್ಲ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದಿರುತ್ತಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಓದಿದೆ. ಉದ್ದನೆಯ ಕರಿ ಸ್ಲಾಟುಗಳು ಇದ್ದವು! ಕುಣಿಯುವಷ್ಟು ಎತ್ತರ ಅಟ್ಟಕ್ಕಿರಲಿಲ್ಲ. ಕೂತಲ್ಲೇ ಕುಣಿದು ಅಪ್ಪನಿಗೆ ಫೋನು ಮಾಡಿದೆ. "ಬೋರ್ಡು ಸಿಕ್ಕದ, ಕಾಟಾಗಿದ್ದದ್ದಕ್ಕಿಂತ ಛಲೋ ಅದ, ಒಂದು ತಲಿಮಾರು ಮುಂದಿಂದು. ಸಾವಕಾರಗ ಹೇಳು, ಹೊಸಾ ಮಷಿನ್ನವ್ರಿಗಿ ಚಹಾ ಕುಡಿಸಿ ವಾಪಸ್ ಕಳಿಸು ಅಂತ."

ಸುಳ್ಳು ಆಸೆ ಹಚ್ಚಬೇಡ ಎಂದಿದ್ದು ನೆನಪಿತ್ತು. ಆದರೆ ಇದು ನಿಜವಾದ ಆಸೆ ಎಂದೇ ನಂಬಿದ್ದೆ.

ಅವತ್ತಿಡೀ ಅತ್ತಿಯ ಪಡಸಾಲೆಯಲ್ಲಿ ಆಪರೇಷನ್. ಬೋರ್ಡಿನ ಬ್ಯಾಟರಿ ಸೋರಿ ಅಕ್ಕಪಕ್ಕವೆಲ್ಲ ಹಸಿರು ಕಿಲುಬು. ನಿಂಬೆಹಣ್ಣು ಹಿಂಡಿ, ಹಳೆ ಬ್ರಶ್ಶಿನಲ್ಲಿ ಹಿತ್ತಾಳೆ ದೀಪದಂತೆ ತಿಕ್ಕಿದೆ. ಕಿಲುಬು ತಿಂದು ಹಾಕಿದ್ದ ಒಂದು ತಂತಿಯ ಗೆರೆಯನ್ನು ಮೇಲಿನಿಂದ ಸಣ್ಣ ವಯರು ಬೆಸೆದು ಸೇರಿಸಿದೆ. ಪೂರಿಯಂತೆ ಉಬ್ಬಿದ್ದ ಕೆಪಾಸಿಟರುಗಳನ್ನು ಕಿತ್ತು, ಮಾಮಾನ ಡಬ್ಬಿಯಲ್ಲಿದ್ದ ಹೊಸವನ್ನು ಹಾಕಿದೆ. ಅಟ್ಟದಲ್ಲೇ ಮಾಮಾನ ಹಳೆಯ ಪವರ್ ಸಪ್ಲೈಯೊಂದು ಸಿಕ್ಕಿತ್ತು; ಅಂಥದರಲ್ಲಿ ವಯರುಗಳ ಎರಡು ಜಡೆ ಇರುತ್ತವೆ, ಎರಡೂ ಜಡೆಯ ಕರಿ ವಯರುಗಳು ಒಂದರ ಪಕ್ಕ ಒಂದು ಬರುವಂತೆ ಚುಚ್ಚಬೇಕು, ಅದಲುಬದಲಾದರೆ ಬೋರ್ಡು ಅಲ್ಲೇ ಶಿವಾಯ ನಮಃ. ಎರಡು ಸಲ ನೋಡಿ, ದೇವರ ಕಡೆಗೂ ಒಂದು ಸಲ ನೋಡಿ, ಚುಚ್ಚಿದೆ. ಸ್ವಿಚ್ಚು ಒತ್ತಿದೆ. ಫ್ಯಾನು ತಿರುಗಿತು. ಕಿವಿಗೊಟ್ಟೆ. ಇಂಥ ಬೋರ್ಡುಗಳು ಬದುಕಿದ್ದರೆ ಒಂದು ಸಲ ಬೀಪ್ ಎನ್ನುತ್ತವೆ, ಹುಷಾರಿಲ್ಲದಿದ್ದರೆ ನಾಲ್ಕು ಸಲ ಕಿರುಚುತ್ತವೆ. ಇದು ಏನೂ ಅನ್ನಲಿಲ್ಲ.

ಮತ್ತೆ ಮತ್ತೆ ಒತ್ತಿದೆ. ಬೈದೂ ನೋಡಿದೆ, ಮಾಮಾನ ಶೈಲಿಯಲ್ಲಿಯೇ. ಸಿಟ್ಟಿನಿಂದ ದಿಟ್ಟಿಸುವಾಗ ನಟ್ಟನಡುವೆ ಕಂಡಿತು, ಬೆಳಗಿನಿಂದ ಕಣ್ಣೆದುರೇ ಇದ್ದದ್ದು: ಅಂಗೈಯಗಲದ ಬಿಳಿ ಪ್ಲಾಸ್ಟಿಕ್ಕಿನ ಚೌಕ, ಅದರ ತುಂಬ ಜರಡಿಯಂತೆ ತೂತುಗಳು, ಮೇಲೆ ಏನೂ ಇಲ್ಲ. ಪ್ರೊಸೆಸರ್ ಕೂರಬೇಕಾದ ಜಾಗ. ಊರಿಗೆಲ್ಲ ಎಂಜಿನಿಯರ್ ಎಂದು ಹೇಳಿಕೊಂಡು ತಿರುಗುವ ನಾನು, ತಲೆಯೇ ಇಲ್ಲದ ಮನುಷ್ಯನಿಗೆ ಬೆಳಗಿನಿಂದ ಹಲ್ಲುಜ್ಜಿಸಿ ಕ್ಷೌರ ಮಾಡಿಸಿ ಕೂರಿಸಿದ್ದೆ.

ಕಾಟಾದ ಸುಟ್ಟ ಬೋರ್ಡಿನ ಪ್ರೊಸೆಸರನ್ನೇ ಇದಕ್ಕೆ ಹಾಕಬಹುದಲ್ಲ ಎನ್ನುತ್ತೀರಿ. ಅದು ಹಿಂದಿನ ತಲೆಮಾರಿನದು, ಅಳತೆಯಲ್ಲಿ ಚಿಕ್ಕದು, ಈ ಕುರ್ಚಿಗೆ ಕೂರುವುದಿಲ್ಲ. ಸಾಲದ್ದಕ್ಕೆ ಅದು ಹಲ್ಲಿಯ ಜೊತೆ ಸಹಗಮನ ಮಾಡಿತ್ತು.

ಆಗ ನನ್ನ ಕಣ್ಣು ಲಿವರಿನ ಮೇಲೆ ಬಿತ್ತು. ಆ ಬಿಳಿ ಚೌಕದ ಪಕ್ಕ ಕಿರುಬೆರಳಷ್ಟು ಉದ್ದದ ಒಂದು ಕಡ್ಡಿ ಇರುತ್ತದೆ. ಅದನ್ನು ಎತ್ತಿದರೆ ಹಿಡಿತ ಸಡಿಲಾಗಿ ಪ್ರೊಸೆಸರ್ ಹೊರಗೆ ಬರುತ್ತದೆ, ಇಳಿಸಿದರೆ ಗಟ್ಟಿಯಾಗುತ್ತದೆ. ಇಲ್ಲಿ ಎತ್ತಿದ್ದು ಎತ್ತಿದಂತೆಯೇ ಇತ್ತು. ಮಾಮಾ ಎತ್ತಿದ ಲಿವರನ್ನು ಹಾಗೇ ಬಿಟ್ಟವನಲ್ಲ. ಪೆನ್ನಿನ ಮುಚ್ಚಳ ತೆರೆದಿದ್ದರೂ ನಿದ್ದೆ ಮಾಡದ ಆಸಾಮಿ.

ಅತ್ತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಅತ್ತಿ, ಇದರ ಮ್ಯಾಲ ಒಂದು ಚೌಕ ಬಿಲ್ಲಿ ಇರ್ತದಲ್ಲ, ಬೂದಿ ಬಣ್ಣದ್ದು, ಕೆಳಗ ಎಲ್ಲಾ ಸೂಜಿ ಸೂಜಿ. ಎಲ್ಲಿ ಹೋಯ್ತದು?"

"ನಂಗೇನ್ ಗೊತ್ತೋ ಪವ್ಯಾ. ಇಲಿ ಒಯ್ದಿರಬೇಕು."

"ಇಲಿಗಿ ಲಿವರ್ ಎತ್ತಾಕ ಬರ್ತದೇನು?"

"ಕಲ್ಯಾಣದ ಇಲಿಗಿ ಏನ್ ಬರಾಂಗಿಲ್ಲ? ಮೊನ್ನಿ ಡಬ್ಬಿ ಮುಚ್ಚಳ ತಗದು, ಶೇಂಗಾ ತಿಂದು, ಮುಚ್ಚಳ ಮತ್ತ ಹಾಕಿ ಹೋಗ್ಯಾವ."

"ಅವಕ್ಕ ಪ್ರೊಸೆಸರ್ ಯಾಕ ಬೇಕಾಗಿತ್ತು? ಟೈಪಿಂಗ್ ಪರೀಕ್ಷಾ ಕಟ್ಯಾವೇನು?"

ಬೇರೆ ದಿನವಾಗಿದ್ದರೆ ಅತ್ತಿ ಹಿಟ್ಟಿನ ಕೈಯಲ್ಲೇ ಬೆನ್ನಿಗೊಂದು ಕೊಟ್ಟು ನಗುತ್ತಿದ್ದಳು. ಇವತ್ತು ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು, ತಿರುವಿ ಹಾಕಲಿಲ್ಲ.

"ಅದು ಇಲ್ಲಂದ್ರ ನಡ್ಯಾಂಗಿಲ್ಲೇನು?"

"ಇಲ್ಲತ್ತಿ."

"ಬ್ಯಾರೆ ಕಡಿಂದ ತರ್ಸಾಕ?"

"ಬರ್ತದ. ಎಲ್ಲೆಲ್ಲಿಂದೋ ಬರಬೇಕು. ಸೋಮವಾರ ದಾಟಿ ಹೋಗ್ತದ."

"ದಾಟಿದ್ರ ನಮ್ಮ ಮಾಣಿಕಗ?"

"ಕುರ್ಚಿ ಹೋಗ್ತದ. ಆ ಕಾಲು ತಗೊಂಡು ಬ್ಯಾರೆ ಎಲ್ಲಿ ಕುಂದ್ರತಾನ?"

ಅತ್ತಿ ಒಲೆಯ ಉರಿ ಇಳಿಸಿ, ಕೈ ತೊಳೆದು, ಹಿತ್ತಲಿಗೆ ಹೋದಳು. ಕಾಂಪೌಂಡಿನ ಗೋಡೆಯಲ್ಲಿ ಒಂದು ಇಟ್ಟಿಗೆ ಸರಿಸಿ ಕೈ ಹಾಕಿದಳು. ಬಟ್ಟೆಯ ಸಣ್ಣ ಗಂಟೊಂದು ಹೊರಗೆ ಬಂತು. ಅದನ್ನು ಮನೆಯೊಳಗೆ ತರಲಿಲ್ಲ. ಹಿತ್ತಲ ಬಾಗಿಲ ಹೊಸ್ತಿಲಾಚೆ ಇಟ್ಟು, ತಾನೂ ಆಚೆಯೇ ಕೂತಳು. ನಾನು ಹೊಸ್ತಿಲ ಈಚೆ.

ಗಂಟಿನಲ್ಲಿ ಎರಡು ವಸ್ತು. ಒಂದು ಪ್ರೊಸೆಸರ್, ಕೆಳಗೆ ಹಳದಿ ಪಿನ್ನುಗಳ ಗದ್ದೆ, ಒಂದು ಮೂಲೆಯಲ್ಲಿ ಒಂದು ಪಿನ್ನು ಬುಡಕ್ಕೆ ಕತ್ತರಿಸಿ ಹೋಗಿದೆ. ಇನ್ನೊಂದು ಜೋಳದ ಕಾಳಿನಷ್ಟು ಬಂಗಾರದ ಗುಂಡು.

"ನಿಮ್ಮ ಆಯಿ ಇಲ್ಲೇ ನನ್ನ ಮನ್ಯಾಗ ಹೋದ್ಳಲ್ಲ," ಎಂದಳು ಅತ್ತಿ.

ಆಯಿ ಎಂದರೆ ನನ್ನ ಅಜ್ಜಿ, ಅಪ್ಪನ ಮತ್ತು ಅತ್ತಿಯ ತಾಯಿ. ಲಾಕ್‌ಡೌನಿನ ದಿನಗಳಲ್ಲಿ ಹೋದಳು. ನಾನು ಸಣ್ಣವನು. ನಮ್ಮನ್ನು ಯಾರೂ ಕರೆದುಕೊಂಡು ಹೋಗಲಿಲ್ಲ ಎನ್ನುವುದು ಮಾತ್ರ ನೆನಪು.

"ಈ ಗುಂಡು ಆಕೀದು. ಸತ್ತಾಗ ಬಾಯಾಗ ಬಂಗಾರ ಹಾಕಿ ಕಳಸಬೇಕಲ್ಲ, ಅದಕ್ಕಂತ ಆಕಿನ ಮೊದಲ ತಗದು ಇಟ್ಟಿದ್ಳು. ಮಗನ ಕೈಯಾಗ ಕೊಟ್ಟು, ಮಾಣಿಕ, ನೀನೇ ಹಾಕಬೇಕು ಅಂದಿದ್ಳು. ಆಕಿ ಜೀವ ಹೋದ ದಿನ ನಿಮ್ಮಪ್ಪ ಯಾರದೋ ಗಾಡಿ ಹಿಂದ ಕುಂತು ಬಂದ. ಹೈವೇ ಕ್ರಾಸಿನಾಗ ಪೊಲೀಸರ ನಾಕಾಬಂದಿ. ಬಿಡ್ಲಿಲ್ಲ. ಗುಂಡು ಕಿಸೇದಾಗ ಇಟ್ಕೊಂಡು ರಸ್ತಾದ ಮ್ಯಾಲ ನಿಂತು ಫೋನ್ ಮಾಡಾಕತ್ತಿದ್ದ. ಅಕ್ಕಾ ಜರಾ ತಡಿ, ಅಕ್ಕಾ ಜರಾ ತಡಿ. ನಾ ಹ್ಯಾಂಗ ತಡೀಲಿ? ಇಲ್ಲಿ ನಿಂತವರು ಲಗೂ ಎತ್ತರಿ ಎತ್ತರಿ ಅನ್ನಾಕತ್ತಿದ್ರು."

"ನಿನ್ನ ತಾಳಿ?"

"ಅದಕ್ಕೂ ಮೊದಲ ಮಾಮಾನ ದವಾಖಾನಿ ಖರ್ಚಿಗಿ ಹೋಗಿತ್ತು. ಕಿವ್ಯಾಗಿಂದು ರೋಲ್ಡ್‌ಗೋಲ್ಡ್. ಹೆತ್ತವ್ವನ ಬಾಯಾಗ ರೋಲ್ಡ್‌ಗೋಲ್ಡ್ ಹಾಕಲೇನು? ನಿಮ್ಮ ಮಾಮಾ ಇದನ್ನ ಬಂದವ್ರಿಗೆಲ್ಲಾ ತೋರಸ್ತಿದ್ನಲ್ಲ, ಕಡ್ಡಿ ಹಿಂಗ ಎತ್ತಿ. ಇದರ ಕಾಲಿಗಿ ಬಂಗಾರ ಅದ, ಖರೇ ಬಂಗಾರ, ಪತ್ತಾರ ಬಂದ್ರೂ ಇಲ್ಲ ಅನ್ನಾಂಗಿಲ್ಲ ಅಂತ. ಆಂವ ಸುಳ್ಳ ಹೇಳಂವಲ್ಲ. ಅಟ್ಟ ಹತ್ತಿ ತಗದೆ. ಉಗುರು ಕತ್ರಸೋದ್ರಲೆ ಒಂದು ಕಾಲು ಕತ್ರಿಸಿ, ತುಳಸಿ ಎಲಿ ಜೋಡಿ ಆಕೀ ಬಾಯಾಗ ಇಟ್ಟೆ. ನಿಮ್ಮಪ್ಪಗ ಫೋನಿನ್ಯಾಗ, ನನ್ನ ಮೈಮ್ಯಾಲಿನ ಬಂಗಾರ ಹಾಕೀನಿ, ನೀ ಅಳಬ್ಯಾಡ ಅಂದೆ."

ಹೆಣಕ್ಕೆಂದು ಮುರಿದ ವಸ್ತುವನ್ನು ತಿರುಗಿ ಮನೆಯ ಬಳಕೆಗೆ ತರುವಂತಿಲ್ಲ. ಅದಕ್ಕೇ ಅದು ಅಟ್ಟಕ್ಕೆ ವಾಪಸು ಹೋಗಲಿಲ್ಲ. ಎಸೆಯಲಿಕ್ಕೂ ಅತ್ತಿಗೆ ಮನಸ್ಸಾಗಲಿಲ್ಲ, ಗೋಡೆಗೆ ಹಾಕಿದಳು. ದಾರಿ ಬಿಟ್ಟ ಮೇಲೆ ಅಪ್ಪ ಬಂದು, "ನಿಂದು ನೀ ಹಾಕೀದಿ, ಇದು ಈಗ ನಿಂದು" ಎಂದು ಗುಂಡನ್ನು ಅವಳ ಕೈಯಲ್ಲಿಟ್ಟ. ಬೇಡ ಎಂದರೆ ಏಕೆಂದು ಹೇಳಬೇಕಾಗುತ್ತಿತ್ತು. ತೆಗೆದುಕೊಂಡಳು. ಅದೂ ಗೋಡೆಗೆ.

"ಪವ್ಯಾ, ನೀ ಇದರಾಗ ಕಲ್ತಂವ. ಖರೇ ಬಂಗಾರನ ಹೌದಲ್ಲೋ?"

ಪಿನ್ನಿನ ಮೇಲೆ ಬಂಗಾರ ಎಷ್ಟಿರುತ್ತದೆ ಎಂದು ನಾನು ಬಲ್ಲೆ. ಹಾಲಿನ ಮೇಲಿನ ಕೆನೆ ಅದರ ಮುಂದೆ ಕಂಬಳಿ. ಈ ವಿಷಯದ ಮೇಲೆ ಕಾಲೇಜಿನಲ್ಲಿ ಅರ್ಧ ಗಂಟೆ ಭಾಷಣ ಹೊಡೆದಿದ್ದೇನೆ, ಕೇಳದಿದ್ದವರನ್ನೂ ಹಿಡಿದು ಕೂರಿಸಿ.

"ಖರೇ ಬಂಗಾರನ ಅತ್ತಿ," ಎಂದೆ. ಎಷ್ಟು ಎಂದು ಅವಳು ಕೇಳಲಿಲ್ಲ.

ಪ್ರೊಸೆಸರಿನ ತಲೆಯ ಮೇಲಿನ ಅಂಕಿಗಳನ್ನು ಓದಿಕೊಂಡು, ಬೋರ್ಡಿನ ಮೇಲಿದ್ದ ಸಣ್ಣ ಜಂಪರ್ ಟೊಪ್ಪಿಗೆಗಳನ್ನು ಆ ವೋಲ್ಟೇಜಿಗೆ ಹೊಂದುವಂತೆ ಬದಲಿಸಿದೆ. ಕೂರಿಸಿ ನೋಡೋಣವೆಂದು ಕೈ ಚಾಚಿದರೆ ಅತ್ತಿ ಗಂಟನ್ನು ಹಿಂದಕ್ಕೆಳೆದುಕೊಂಡಳು.

"ಮೊದಲ ನಿಮ್ಮಪ್ಪಗ ಹೇಳ್ತೀನಿ. ಹೆಣಕ್ಕ ತಗದಿದ್ದು ಇದು. ಆಂವ ಹೂಂ ಅಂದ್ರ ಹಚ್ಚು."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಬ್ಯಾಡ."

ಮರುದಿನ ಇಬ್ಬರೂ ಹುಮನಾಬಾದಿನ ಬಸ್ಸು ಹತ್ತಿದೆವು. ಬೋರ್ಡು ನನ್ನ ತೊಡೆಯ ಮೇಲೆ, ಕೂಸಿನಂತೆ ಟವೆಲ್ಲಿನಲ್ಲಿ, ಮಾಮಾನ ಪವರ್ ಸಪ್ಲೈ ಕಾಲ ಬಳಿ ಚೀಲದಲ್ಲಿ. ಗಂಟನ್ನು ಮಾತ್ರ ಅತ್ತಿ ಮಡಿಲಲ್ಲಿಟ್ಟುಕೊಳ್ಳಲಿಲ್ಲ, ಮಂದಿಯ ನಡುವೆ ಇಡಬಾರದೆಂದು ಕಿಟಕಿಯ ಹೊರಗೆ ಕೈ ಚಾಚಿ ಹಿಡಿದಳು. ಅಪ್ಪನ ಕುರ್ಚಿ, ಆಯಿಯ ಮರ್ಯಾದೆ, ಎರಡೂ ಹೆದ್ದಾರಿಯ ಗಾಳಿಯಲ್ಲಿ ಪಟಪಟ ಹಾರುತ್ತಿದ್ದವು.

"ಅವ್ವಾರೆ, ಕೈ ಒಳಗ ತಗೋರಿ," ಎಂದ ಕಂಡಕ್ಟರ್. "ಎದುರಿನ ಲಾರಿ ಕೈ ಕಿತ್ಕೊಂಡು ಹೋಗ್ತದ."

"ಹೋಗ್ಲಿ ಬಿಡಪ್ಪ."

"ಹೋದ್ರ ಬರ್ಯಾ ನಿಮ್ಮ ಕೈ ಹೋಗಾಂಗಿಲ್ರಿ, ನನ್ನ ನೌಕರೀನೂ ಹೋಗ್ತದ."

ಇನ್ನೊಬ್ಬನ ನೌಕರಿ ಎಂದ ಕೂಡಲೇ ಅತ್ತಿ ಕೈ ಒಳಗೆ ತೆಗೆದುಕೊಂಡಳು.

ಕಾಟಾದ ಹತ್ತಿರ ತೊಗರಿ ಹೇರಿದ ಎರಡು ಲಾರಿಗಳು ಬಂದು ತೂಕವಿಲ್ಲವೆಂದು ಬೈದುಕೊಂಡು ಹೋಗುತ್ತಿದ್ದವು. ಅಪ್ಪ ಗೂಡಿನೊಳಗೆ ಸತ್ತ ಕಂಪ್ಯೂಟರಿನ ಎದುರು, ತನ್ನ ಕುರ್ಚಿಯಲ್ಲೇ ಕೂತಿದ್ದ. ಅಕ್ಕನನ್ನು ಕಂಡು ಎದ್ದ. ಅತ್ತಿ ಒಳಗೆ ಬರಲಿಲ್ಲ. ಹೊರಗೆ ಕಬ್ಬಿಣದ ಹಾಸಿನ ಮೇಲೆ, ಕಿಟಕಿಗೆ ಎದುರಾಗಿ ನಿಂತು ಎಲ್ಲ ಹೇಳಿದಳು. ಹೆದ್ದಾರಿಯ ಗದ್ದಲಕ್ಕೆ ಕೆಲವು ಮಾತು ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಅಂಥ ಮಾತನ್ನು ಕೂಗಿ ಹೇಳುವುದು ಎಷ್ಟು ಕೆಟ್ಟದ್ದು ಎಂದು ನನಗೆ ಅವತ್ತು ತಿಳಿಯಿತು.

ಅಪ್ಪ ಕಂಪ್ಯೂಟರಿನ ಕಡೆ ತಿರುಗಿದ. ಕೈಯಲ್ಲಿದ್ದ ಬಟ್ಟೆಯಿಂದ ಮಾನಿಟರಿನ ಗಾಜು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ನಾನು ಏನಾದರೂ ಹೇಳಿ ನಗಿಸೋಣ ಎಂದು ಬಾಯಿ ತೆರೆದೆ. ಏನೂ ಹೊಳೆಯಲಿಲ್ಲ. ನನ್ನ ಜೀವನದಲ್ಲಿ ಹೀಗಾಗಿದ್ದು ಅದೊಂದೇ ಸಲ.

ಕೊನೆಗೆ ಅಪ್ಪ ಕಿಟಕಿಯಿಂದ ಕೈ ಚಾಚಿ ಗಂಟು ತೆಗೆದುಕೊಂಡ. ಬಿಚ್ಚಿದ. ಗುಂಡನ್ನು ಮುಟ್ಟಲಿಲ್ಲ. ಪ್ರೊಸೆಸರನ್ನು ಬೆಳಕಿಗೆ ಹಿಡಿದು, ಆ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದ.

"ಒಂದು ಕಾಲು ಇಲ್ಲಂದ್ರ ನಡೀತದೇನು?" ಎಂದು ಕೇಳಿದ, ನನ್ನ ಕಡೆ ನೋಡದೆ.

"ನಡೀತದಪ್ಪ. ಆ ತೂತಿನ್ಯಾಗ ಒಂದು ಎಳಿ ತಂತಿ ಇಟ್ಟ್ರ ನಡೀತದ."

"ಹಚ್ಚು ಹಂಗಾರ."

ಮೊಬೈಲ್ ಚಾರ್ಜರಿನ ವಯರು ಸುಲಿದು ಕೂದಲಿನಂಥ ತಾಮ್ರದ ಎಳೆ ತೆಗೆದೆ. ಪಿನ್ನಿಲ್ಲದ ಮೂಲೆಯ ತೂತಿನಲ್ಲಿ ಅದನ್ನು ನಿಲ್ಲಿಸಿ, ತುದಿಯನ್ನು ಪಿನ್ನಿನ ಬುಡಕ್ಕೆ ತಾಗುವಂತೆ ಬಗ್ಗಿಸಿ, ಮೇಲೆ ಪ್ರೊಸೆಸರ್ ಇಟ್ಟು ಲಿವರ್ ಇಳಿಸಿದೆ. ಮೊದಲ ಸಲ ತಂತಿ ಬಿತ್ತು. ಎರಡನೆಯ ಸಲವೂ ಬಿತ್ತು. ತಂತಿ ಬೀಳುವುದಕ್ಕೆ ಗಾಳಿ ಕಾರಣ ಎಂದು ಯಾರೂ ಕೇಳದೆಯೇ ಹೇಳಿದೆ. ಗೂಡಿನಲ್ಲಿ ಗಾಳಿಯೇ ಆಡುತ್ತಿರಲಿಲ್ಲ. ಮೂರನೆಯ ಸಲ ನಿಂತಿತು. ಹಳೆ ಬೋರ್ಡಿನ ಮೆಮೊರಿ ಪಟ್ಟಿಗಳು ಬಂದವು, ಕಾಟಾದ ಉದ್ದನೆಯ ಕಾರ್ಡು ಕರಿ ಸ್ಲಾಟಿನಲ್ಲಿ ಕೂತಿತು.

"ಒತ್ತಪ್ಪ, ನೀನೇ ಒತ್ತು."

ಅಪ್ಪ ಒತ್ತಿದ. ಫ್ಯಾನು ತಿರುಗಿತು. ಆಮೇಲೆ ಬೀಪ್ ಎಂದಿತು, ಒಂದೇ ಸಲ.

ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಏರಿದವು. ಈ ಸಲ ಯಾರೂ ಚಹಾಕ್ಕೆ ಹೋಗಲಿಲ್ಲ. ತೂಕದ ಹಸಿರು ಅಂಕಿ ಮೂಡಿತು. ಖಾಲಿ ಕಾಟಾ ಸೊನ್ನೆ ತೋರಿಸಬೇಕು. ಐವತ್ತು ತೋರಿಸಿತು. ತಂತಿ ಸರಿದಿದೆ ಎಂದುಕೊಂಡು ನಾನು ಡಬ್ಬದೊಳಗೆ ಬಗ್ಗಿದೆ. ಅಪ್ಪ ಮಾತ್ರ ಕಿಟಕಿಯಿಂದ ಹೊರಗೆ ನೋಡಿದ. ಅತ್ತಿ ಸೆರಗನ್ನು ಬಾಯಿಗೊತ್ತಿಕೊಂಡು ಇನ್ನೂ ಹಾಸಿನ ನಡುವೆಯೇ ನಿಂತಿದ್ದಳು.

"ಅಕ್ಕಾ, ಜರಾ ಕೆಳಗಿಳಿ. ಸೊನ್ನಿ ಬರಬೇಕು."

ಅವಳು ಇಳಿದಳು. ಸೊನ್ನೆ ಬಂತು.

ಸಂಜೆಗೆ ಸಾವಕಾರರು ಬೇರೆ ಕಾಟಾದಲ್ಲಿ ತೂಗಿಸಿದ ಲಾರಿಯೊಂದನ್ನು ತಂದು ಹತ್ತಿಸಿದರು. ಚೀಟಿಗೆ ಚೀಟಿ ಕೂಡಿತು. ಅವರು ಕಂಪ್ಯೂಟರಿನ ಹೊಟ್ಟೆಯೊಳಗೆ ಇಣುಕಿ, "ಎಷ್ಟ್ ದಿನ ನಡೀತದಿದು?" ಎಂದರು. ನೂರು ವರ್ಷ ಎನ್ನಲು ಹೊರಟಿದ್ದೆ, ಅಪ್ಪ ನನಗಿಂತ ಮೊದಲೇ, "ಹೇಳಾಕ ಬರಾಂಗಿಲ್ರಿ" ಎಂದುಬಿಟ್ಟ.

"ನಡೀತನಕ ನಡೀಲಿ. ನಿಂತ ದಿನ ಹೊಸಾದು ಬರ್ತದ. ಆಮ್ಯಾಲ ನನ್ನ ಕೇಳಬ್ಯಾಡ," ಎಂದು ಹೋದರು. ಹೀಗೆ ಅಪ್ಪನ ಕುರ್ಚಿ ಈಗ ಕೂದಲೆಳೆಯಂಥ ಒಂದು ತಂತಿಯ ಮೇಲೆ ನಿಂತಿದೆ. ಇದರಲ್ಲಿ ನಾನು ಏನನ್ನೂ ಹಿಗ್ಗಿಸಿಲ್ಲ. ಹಿಗ್ಗಿಸಲು ಜಾಗವೇ ಇಲ್ಲ.

ಆಗ ಅತ್ತಿ ಗೂಡಿನೊಳಗೆ ಬಂದಳು. ಗುಂಡು ಇನ್ನೂ ಕಿಟಕಿಯ ಕಟ್ಟೆಯ ಮೇಲೆ ಬಟ್ಟೆಯಲ್ಲೇ ಬಿದ್ದಿತ್ತು.

"ಇದು ನಿಂದು ಮಾಣಿಕ. ನೀ ಇಟ್ಕೋ. ನಾ ಹಾಕಿದ್ದು ನನ್ನ ಮೈಮ್ಯಾಲಿನ ಬಂಗಾರ ಅಲ್ಲ."

"ನಿನ್ನ ಕಡೀನ ಇರಲಿ. ನಾ ಸತ್ತಾಗ ನಂಗ ಹಾಕಾಕ ಬೇಕಾಗ್ತದ."

"ಥೂ, ನಿನ್ನ ಬಾಯಾಗ ಮಣ್ಣ ಹಾಕ! ದೊಡ್ಡಾಕಿ ನಾ ಇದ್ದೀನಿ, ಮೊದಲ ನಾ ಹೋಗಾಕಿ."

"ಹಂಗಾರ ನಿಂಗ ಹಾಕ್ತೀನಿ. ಆವಾಗ ಯಾವ ನಾಕಾಬಂದಿ ಇದ್ರೂ ಬರ್ತೀನಿ."

ಅತ್ತಿ ಗುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಗಂಟು ಬಿಗಿಯುತ್ತ ಬಿಗಿಯುತ್ತ ನಿಂತಳು.

"ಗುಂಡು ಒಂದ ಅದ. ಹಿಂದ ಉಳಿದವ್ರಿಗಿ?"

ಅಪ್ಪ ಕಂಪ್ಯೂಟರಿನ ತೆರೆದ ಡಬ್ಬದೊಳಗೆ, ಪ್ರೊಸೆಸರಿನ ಕಡೆ ನೋಡಿದ.

"ಇದರಾಗ ಇನ್ನೂ ಭಾಳ ಕಾಲು ಅವ," ಎಂದ.

ಅತ್ತಿ ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ. ಹೊರಗೆ ಲಾರಿಯೊಂದು ಹಾರ್ನು ಬಾರಿಸುತ್ತ ಬಂದು ಹಾಸಿನ ಅಂಚಿನಲ್ಲಿ ನಿಂತಿತು. ಅಪ್ಪ ಕುರ್ಚಿ ಎಳೆದುಕೊಂಡು ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾ ಬಾ ಎಂದು ಕರೆದ.